ಬಾಲ್ ಪೈಥಾನ್ ತಲೆ ತೂಗುತ್ತಿದೆ: ಹುಟ್ಟುದೋಷವೋ, ವೈರಸ್ಸೋ?

ಸಕಲೇಶಪುರದಲ್ಲಿ ಸಾಕಿರುವ ನಿಮ್ಮ ‘ಸ್ಪೈಡರ್’ ಬಗೆಯ ಬಾಲ್ ಪೈಥಾನ್ (ಹೆಬ್ಬಾವಿನ ಒಂದು ಜಾತಿ) ಸದಾ ತಲೆ ತೂಗುತ್ತೆ, ಇದು ರೋಗವಾ ಅಂತ ಕೇಳಿದ್ದೀರಿ.

ಸ್ಪೈಡರ್ ಅಂದಮೇಲೆ ಮೊದಲ ಅನುಮಾನ ಜೀನ್ ಮೇಲೆ. ಜೇಡರ ಬಲೆಯಂಥ ಆ ಗೆರೆಗಳನ್ನು ಕೊಡುವ ಜೀನೇ ಒಳಕಿವಿಯನ್ನೂ ಕೆಡಿಸುತ್ತದೆ. 2022ರಲ್ಲಿ ಸಂಶೋಧಕರು ಸ್ಪೈಡರ್ ಹಾವುಗಳನ್ನು ಸ್ಕ್ಯಾನ್ ಮಾಡಿ ನೋಡಿದಾಗ ಒಳಕಿವಿಯ ಆಕಾರವೇ ಬೇರೆ ಇತ್ತು. ಇಲಿ ಇಟ್ಟರೆ ಗುರಿ ತಪ್ಪಿ ಪಕ್ಕಕ್ಕೆ ಬಾಯಿ ಹಾಕುತ್ತೆ, ಅಲ್ವಾ? ಅದಕ್ಕೂ ಇದೇ ಕಾರಣ ಇರಬಹುದು. ಇದು ಅಂಟುವುದಿಲ್ಲ, ವಾಸಿಯೂ ಆಗುವುದಿಲ್ಲ. ಆದರೆ ತಂದೆ ತಾಯಿಯಲ್ಲಿ ಒಂದಕ್ಕಿದ್ದರೂ ಸುಮಾರು ಅರ್ಧ ಮರಿಗಳಿಗೆ ಬರುತ್ತದೆ. ಬರೀ ಚೆಂದಕ್ಕೆ ಇಂಥದ್ದನ್ನು ಮರಿ ಮಾಡಿಸುವುದು ನನಗಂತೂ ಸರಿ ಕಾಣುವುದಿಲ್ಲ.

ಚೆನ್ನಾಗಿದ್ದ ಹಾವು ಇದ್ದಕ್ಕಿದ್ದಂತೆ ಹೀಗಾದರೆ ಮಾತ್ರ ಹೆದರಬೇಕು. ಇನ್‌ಕ್ಲೂಷನ್ ಬಾಡಿ ರೋಗ ಅನ್ನೋ ಹಾವುಗಳ ಅಂಟುರೋಗ ನರಗಳಿಗೇ ಬಡಿಯುತ್ತದೆ. ಅದರ ಹಿಂದೆ ಅರೇನಾವೈರಸ್ ಇದೆ ಅಂತ ಗೊತ್ತಾದದ್ದು 2012ರಲ್ಲಿ. ಬೋವಾ ಹಾವು ಈ ವೈರಸ್ ಹೊತ್ತುಕೊಂಡೇ ವರ್ಷಗಟ್ಟಲೆ ಗಟ್ಟಿಯಾಗಿರಬಹುದು, ಪೈಥಾನ್ ಬೇಗ ಸಾಯುತ್ತದೆ. ಮದ್ದಿಲ್ಲ. ಬಾಯಲ್ಲಿ ಲೋಳೆ, ಬಾಯಿ ತೆರೆದು ಉಸಿರಾಟ ಇದ್ದರೆ ಉಸಿರಾಟಕ್ಕೆ ಬಡಿಯುವ ಇನ್ನೊಂದು ವೈರಸ್, ನಿಡೋವೈರಸ್, ಇರಬಹುದು. ಎರಡಕ್ಕೂ ಪಿಸಿಆರ್ ಪರೀಕ್ಷೆ ಇದೆ. ಹಾಸನದಲ್ಲೇ ಪಶುವೈದ್ಯಕೀಯ ಕಾಲೇಜಿದೆ, ವಿಚಾರಿಸಿ. ಅಲ್ಲಿಯವರೆಗೆ ಬೇರೆ ಹಾವುಗಳ ಹತ್ತಿರ ಇಡಬೇಡಿ.