ಮರಳುಗಾಡಿಗೆ ಅರ್ಧ ತೋಳು ಬೇಡ

ಪ್ರಶ್ನೆ: ಎರಡು ದಿನಗಳ ಮರಳುಗಾಡಿನ ಪ್ರವಾಸಕ್ಕೆ ಹೊರಟಿದ್ದೇವೆ. ಸ್ವಲ್ಪ ನಡಿಗೆ, ಸ್ವಲ್ಪ ಒಂಟೆ ಸವಾರಿ, ರಾತ್ರಿ ಡೇರೆಯಲ್ಲಿ ವಾಸ. ಅರ್ಧ ತೋಳಿನ ಟೀ ಶರ್ಟು, ಚಡ್ಡಿ, ಜೀನ್ಸ್ ಎತ್ತಿಟ್ಟಿದ್ದೇನೆ. ಹೋಗಿಬಂದವರು ಮೈ ಪೂರ್ತಿ ಮುಚ್ಚಿಕೊಳ್ಳಿ ಎನ್ನುತ್ತಾರೆ. ಅದರಿಂದ ಸೆಕೆ ಇನ್ನೂ ಹೆಚ್ಚುವುದಿಲ್ಲವೇ? ಬಣ್ಣ ಬಿಳಿಯೇ ಆಗಬೇಕೆ?

ಉತ್ತರ: ಹೋಗಿಬಂದವರ ಮಾತೇ ಸರಿ. ನಮ್ಮ ಚರ್ಮದ ಉಷ್ಣತೆ ಸುಮಾರು 35 ಡಿಗ್ರಿ ಸೆಲ್ಸಿಯಸ್. 40 ದಾಟಿದ ಗಾಳಿ ಬರಿಮೈಗೆ ಬೀಸಿದರೆ ಮೈಯ ಶಾಖ ಹೊರಗೆ ಹೋಗುವ ಬದಲು ಹೊರಗಿನ ಶಾಖ ಒಳಗೆ ಬರುತ್ತದೆ. ಮೇಲಿಂದ ಬಿಸಿಲು, ಕೆಳಗಿಂದ ಕಾದ ಮರಳಿನ ಝಳ ಬೇರೆ. ಆಗ ಮೈ ತಂಪಾಗುವುದು ಬೆವರು ಆರಿದಾಗ ಮಾತ್ರ. ಸಡಿಲವಾದ ಬಟ್ಟೆ ಬಿಸಿಲನ್ನು ತಡೆಯುತ್ತದೆ, ಒಳಗೆ ಗಾಳಿಯಾಡಿ ಬೆವರನ್ನೂ ಆರಿಸುತ್ತದೆ.

ಹಾಗಾಗಿ ಬಣ್ಣಕ್ಕಿಂತ ಸಡಿಲತೆ ಮುಖ್ಯ. ಅರಬ್ ಮರಳುಗಾಡಿನ ಅಲೆಮಾರಿಗಳಾದ ಬೆದುಯಿನ್ನರು ಕಪ್ಪು ನಿಲುವಂಗಿ ಏಕೆ ತೊಡುತ್ತಾರೆ ಎಂದು ಪರೀಕ್ಷಿಸಿದ ಅಧ್ಯಯನವೊಂದು 1980ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದಿತ್ತು. ಕಪ್ಪು ಬಟ್ಟೆ ಹೆಚ್ಚು ಶಾಖ ಹೀರಿದರೂ ಆ ಹೆಚ್ಚಿನ ಶಾಖ ಚರ್ಮ ಮುಟ್ಟುವ ಮುನ್ನವೇ ಹೊರಹೋಗುತ್ತಿತ್ತು. ಕಪ್ಪಿನಲ್ಲೂ ಬಿಳಿಯಲ್ಲೂ ಮೈಗೆ ತಲುಪಿದ ಶಾಖ ಒಂದೇ. ಆದರೆ ಅದು ನಿಲುವಂಗಿಯ ಮಾತು. ಮೈಗೆ ಅಂಟುವ ಕಪ್ಪು ಟೀ ಶರ್ಟಿಗೆ ಈ ರಿಯಾಯಿತಿ ಇಲ್ಲ. ನಮ್ಮಂಥವರ ಅಂಗಿ ಪ್ಯಾಂಟಿಗೆ ತಿಳಿ ಕಂದು, ಬೂದು, ಕೆನೆ ಬಣ್ಣಗಳೇ ಸರಿ.

ಅಂಗಿ ಕೊಳ್ಳುವಾಗ ಬೆನ್ನ ಹಿಂದೆ ಬಟ್ಟೆಯನ್ನು ಹಿಡಿದೆಳೆದು ನೋಡಿ. ಒಂದು ಹಿಡಿಯಷ್ಟು, ಅಂದರೆ ಎಂಟು ಹತ್ತು ಸೆಂಟಿಮೀಟರ್ ಸಡಿಲ ಇರಬೇಕು. ತುಂಬು ತೋಳು, ಎತ್ತಿ ನಿಲ್ಲಿಸಬಹುದಾದ ಕಾಲರ್ ಇರಲಿ. ಬಟ್ಟೆಯನ್ನು ಬೆಳಕಿಗೆ ಹಿಡಿದಾಗ ನೇಯ್ಗೆಯ ಸಂದಿಯಲ್ಲಿ ಬೆಳಕು ಚುಕ್ಕಿ ಚುಕ್ಕಿಯಾಗಿ ಕಂಡರೆ ಬಿಸಿಲೂ ಅಲ್ಲೇ ನುಸುಳುತ್ತದೆ. ತೆಳು ಬಿಳಿ ಹತ್ತಿ ಟೀ ಶರ್ಟು ಒದ್ದೆಯಾದರೆ ಅಥವಾ ಬಿಗಿಯಾಗಿ ಹಿಗ್ಗಿದರೆ ನೇರಳಾತೀತ ಕಿರಣವನ್ನು ಇನ್ನಷ್ಟು ಒಳಬಿಡುತ್ತದೆ. ಚೀಟಿಯಲ್ಲಿ ಯುಪಿಎಫ್ 50 ಎಂದಿದ್ದರೆ ಕಿರಣದ ಐವತ್ತರಲ್ಲೊಂದು ಪಾಲು ಮಾತ್ರ ದಾಟುತ್ತದೆ ಎಂದರ್ಥ.

ಹಗಲಿಗೆ ಹತ್ತಿ ಅಥವಾ ಲಿನನ್ ಹಿತ. ತೊಂದರೆ ಬರುವುದು ಸಂಜೆಗೆ. ಮೋಡವಿಲ್ಲದ ಒಣಹವೆಯಲ್ಲಿ ಹೊತ್ತು ಮುಳುಗಿದ ಮೇಲೆ ಉಷ್ಣತೆ 15ರಿಂದ 20 ಡಿಗ್ರಿಯಷ್ಟು ಇಳಿಯುವುದುಂಟು. ಬೆವರು ಕುಡಿದ ಹತ್ತಿ ಬಟ್ಟೆಯಲ್ಲೇ ಕೂತರೆ ನಡುಕ ಹತ್ತುತ್ತದೆ. ಬಿಸಿಲು ಇಳಿಯುತ್ತಿದ್ದಂತೆ ಒಣ ಬನಿಯನ್ನು ಹಾಕಿ, ಅದರ ಮೇಲೆ ತೆಳು ಉಣ್ಣೆ ಅಥವಾ ಫ್ಲೀಸ್, ಎಲ್ಲಕ್ಕಿಂತ ಹೊರಗೆ ಗಾಳಿ ತಡೆಯುವ ಜಾಕೆಟ್ ತೊಡಿ. ಒಂದೇ ದಪ್ಪ ಕೋಟಿಗಿಂತ ಈ ಮೂರು ಪದರ ಮೇಲು, ಬೇಕಾದಷ್ಟೇ ತೊಡಬಹುದು. ಚಳಿಗಾಲವಾದರೆ ಉಣ್ಣೆ ಟೋಪಿ, ಕೈಗವಸೂ ಬೇಕು.

ಜೀನ್ಸ್ ಮನೆಯಲ್ಲೇ ಇರಲಿ. ಭಾರ, ಬೇಗ ಒಣಗದು. ತೊಡೆಯ ಒಳಬದಿಯ ದಪ್ಪ ಹೊಲಿಗೆ ಒಂಟೆಯ ಜೀನಿನ ಮೇಲೆ ಗಂಟೆಗಟ್ಟಲೆ ಉಜ್ಜಿದರೆ ಚರ್ಮ ಸುಲಿಯುತ್ತದೆ. ಸಡಿಲವಾದ ಪೂರ್ಣ ಪ್ಯಾಂಟು ಹಾಕಿ. ಒಂಟೆ ಏರಿದಾಗ ಪ್ಯಾಂಟು ಮೇಲೆ ಸರಿದು ಮೀನಖಂಡ ಬಿಸಿಲಿಗೆ ಬೀಳುವುದರಿಂದ ಅದರ ತುದಿಯನ್ನು ಕಾಲುಚೀಲದೊಳಗೆ ತುರುಕಿಕೊಳ್ಳಿ.

ಪ್ರಶ್ನೆ: ಕ್ಯಾಪ್ ಸಾಕೇ, ಮುಂಡಾಸೇ ಬೇಕೆ? ನಾನು ಕಾಂಟ್ಯಾಕ್ಟ್ ಲೆನ್ಸ್ ಹಾಕುತ್ತೇನೆ.

ಉತ್ತರ: ಕ್ಯಾಪ್ ಕಿವಿ, ಕತ್ತುಗಳನ್ನು ಕಾಯುವುದಿಲ್ಲ. ಸುತ್ತ ಏಳೆಂಟು ಸೆಂಟಿಮೀಟರ್ ಅಂಚಿರುವ, ಗಲ್ಲಕ್ಕೆ ದಾರ ಕಟ್ಟುವ ಟೋಪಿ ಆಗಬಹುದು. ಗಾಳಿಯೆದ್ದರೆ ಮಾತ್ರ ಸುಮಾರು 110 ಸೆಂಟಿಮೀಟರ್ ಚೌಕದ ತೆಳು ಹತ್ತಿ ವಸ್ತ್ರಕ್ಕೆ ಸಾಟಿಯಿಲ್ಲ. ಅದನ್ನು ಕರ್ಣದ ಉದ್ದಕ್ಕೆ ಮಡಚಿ ತ್ರಿಕೋನ ಮಾಡಿ. ಮಡಿಕೆ ಹಣೆಗೆ ಬರಲಿ, ಒಂದು ತುದಿ ಇನ್ನೊಂದಕ್ಕಿಂತ ಗಿಡ್ಡವಿರಲಿ. ಗಿಡ್ಡ ತುದಿಯನ್ನು ಗಲ್ಲದ ಕೆಳಗಿಂದ ತಲೆಯ ಹಿಂದಕ್ಕೆ ಒಯ್ದು, ಉದ್ದ ತುದಿಯನ್ನು ಮೂಗು ಬಾಯಿ ಮುಚ್ಚುವಂತೆ ತಂದು ತಲೆಯ ಹಿಂದೆ ಗಿಡ್ಡ ತುದಿಗೆ ಗಂಟು ಹಾಕಿ. ಗಾಳಿ ನಿಂತಾಗ ಮೂಗಿನ ಮೇಲಿನದನ್ನು ಕೆಳಗೆಳೆದರಾಯಿತು. ನುಣುಪು ಪಾಲಿಯೆಸ್ಟರಿನದಾದರೆ ಮತ್ತೆ ಮತ್ತೆ ಜಾರುತ್ತದೆ.

ಲೆನ್ಸ್ ಬೇಡ. ನವಿರು ಧೂಳು ಅದರಡಿ ಸೇರಿದರೆ ಕಣ್ಣಿನ ಮೇಲ್ಪೊರೆ ಗೀಚಿಹೋಗುತ್ತದೆ, ಕೈ ತೊಳೆದು ತೆಗೆಯಲು ನೀರೂ ಧಾರಾಳ ಇರದು. ಪವರ್ ಇರುವ, ಬದಿಯನ್ನೂ ಮುಚ್ಚುವ, ನೇರಳಾತೀತ ಕಿರಣ ತಡೆಯುವ ‘ಯುವಿ 400’ ಗುರುತಿನ ತಂಪು ಕನ್ನಡಕ ಮಾಡಿಸಿಕೊಳ್ಳಿ. ಒಣಮರಳು ನೇರಳಾತೀತ ಕಿರಣದ ಸುಮಾರು 15 ಪ್ರತಿಶತವನ್ನು ಮೇಲಕ್ಕೆ ಚಿಮ್ಮಿಸುವುದರಿಂದ ಟೋಪಿಯ ನೆರಳಿದ್ದರೂ ಗಲ್ಲದ ಅಡಿಗೆ, ಮೂಗಿನ ಕೆಳಬದಿಗೆ ಸನ್‌ಸ್ಕ್ರೀನ್ ಹಚ್ಚಬೇಕು.

ಪ್ರಶ್ನೆ: ಮರಳಲ್ಲವೇ, ಚಪ್ಪಲಿ ಸಾಲದೇ?

ಉತ್ತರ: ಮುಂಜಾನೆ, ಸಂಜೆ ಡೇರೆಯ ಸುತ್ತ ಸಾಕು. ನಡುಹಗಲಿನ ಮರಳು 60 ಡಿಗ್ರಿ ಮೀರಿ ಕಾಯಬಲ್ಲದು, ಚಪ್ಪಲಿ ಅದರಲ್ಲಿ ಹೂತು ಪಾದದ ಅಂಚು ಸುಡುತ್ತದೆ. ಜಾಲರಿ ಬಟ್ಟೆಯ ಓಟದ ಶೂ ಕೂಡ ಕೈಕೊಡುತ್ತದೆ, ರಂಧ್ರಗಳಿಂದ ಮರಳು ಸೋರಿ ಬೆರಳ ತುದಿಯಲ್ಲಿ ಜಮೆಯಾಗುತ್ತದೆ. ಕಣಕಾಲು ಮುಚ್ಚುವ, ಒತ್ತು ನೇಯ್ಗೆಯ ಹಗುರ ಶೂ ಆರಿಸಿ. ಬಿಸಿಗೆ ಪಾದ ಊದುವುದರಿಂದ ಅರ್ಧ ಸೈಜು ದೊಡ್ಡದಿರಲಿ. ಕಾಲುಚೀಲ ಉಣ್ಣೆ ಮಿಶ್ರಿತದ್ದಾದರೆ ಒಳ್ಳೆಯದು. ಹತ್ತಿಯದು ಬೆವರಿಗೆ ಒದ್ದೆಯಾಗಿ ಮರಳನ್ನು ಹಿಡಿದಿಟ್ಟು ಬೊಬ್ಬೆ ಎಬ್ಬಿಸುತ್ತದೆ. ಇನ್ನೊಂದು ಜೊತೆ ಚೀಲದಲ್ಲಿರಲಿ. ಕೂತಾಗಲೆಲ್ಲ ಶೂ ಬಿಚ್ಚಿ ಕೊಡವಿ. ರಾತ್ರಿ ಬಿಚ್ಚಿದ ಶೂ ಬಾಯಿಗೆ ಕಾಲುಚೀಲ ತುರುಕಿಡಿ, ಬೆಳಿಗ್ಗೆ ಕಾಲಿಡುವ ಮುನ್ನ ತಲೆಕೆಳಗು ಮಾಡಿ ಬಡಿಯಿರಿ: ಚೇಳಿಗೆ ಅಂಥ ಕತ್ತಲ ಸಂದಿ ಇಷ್ಟ.