ಇಂಜೆಕ್ಷನ್ ಬಿಡಿ, ಮೊದಲು ಮೇವು ನೋಡಿ

ಪ್ರಶ್ನೆ: ಸರ್, ನಾವು ವಿಜಯಪುರ ಕಡೆಯವರು, ಈಗ ಪುಣೆಯ ಮಾಂಜರಿಯಲ್ಲಿ ಗೋಠಾ (ದನದ ಕೊಟ್ಟಿಗೆ) ಇಟ್ಟಿದ್ದೇವೆ. ನಮ್ಮ ಎಚ್‌ಎಫ್ ಕ್ರಾಸ್ (ವಿದೇಶಿ ಹೋಲ್‌ಸ್ಟೀನ್ ಮಿಶ್ರ ತಳಿ) ಮಣಕ, ಅಂದರೆ ಇನ್ನೂ ಗಬ್ಬವಾಗದ ಹೆಣ್ಣು ಕರು, ಹತ್ತು ತಿಂಗಳಾದರೂ ಆರು ತಿಂಗಳ ಕರುವಿನ ಹಾಗೆ ಕಾಣುತ್ತದೆ. ಕೂದಲು ಒರಟು, ಹೊಟ್ಟೆ ಮಾತ್ರ ಜೋತುಬಿದ್ದಿದೆ. ತಿನ್ನುವುದು ಕಬ್ಬಿನ ಸೋಗೆ, ಕಣಕಿ (ಜೋಳದ ಒಣ ದಂಟು). ಒಬ್ಬರು ಗ್ರೋತ್ ಹಾರ್ಮೋನ್ ಇಂಜೆಕ್ಷನ್ ತಂದುಕೊಡುತ್ತೇನೆ ಅಂತಾರೆ. ಹಾಕಿಸಬಹುದಾ?
- ಹೆಸರು ಬೇಡ, ಮಾಂಜರಿ

ಉತ್ತರ: ಬೇಡವೇ ಬೇಡ. ಆ ಹಾರ್ಮೋನ್ ನಿಮ್ಮ ಮಣಕದ ಮೈಯಲ್ಲಿ ಈಗಾಗಲೇ ಇದೆ, ಬಹುಶಃ ಜಾಸ್ತಿಯೇ ಇದೆ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಅನ್ನೋ ಪುಟ್ಟ ಗ್ರಂಥಿ ಅದನ್ನು ಬಿಟ್ಟುಬಿಟ್ಟು ರಕ್ತಕ್ಕೆ ಹರಿಸುತ್ತದೆ. ಅದು ಲಿವರ್‌ಗೆ ಹೋಗಿ ಐಜಿಎಫ್-1 ಅನ್ನೋ ಇನ್ನೊಂದು ಹಾರ್ಮೋನ್ ಮಾಡಿಸುತ್ತದೆ. ಎಲುಬು, ಮಾಂಸಖಂಡ ಬೆಳೆಸುವುದರಲ್ಲಿ ಇದರ ಪಾಲು ದೊಡ್ಡದು. ಈಗ ವಿಚಿತ್ರ ನೋಡಿ, ಹೊಟ್ಟೆಗೆ ಸಾಲದ ಕರುವಿನಲ್ಲಿ ಪಿಟ್ಯುಟರಿ ಹಾರ್ಮೋನ್ ಏರುತ್ತದೆ, ಆದರೆ ಲಿವರ್ ಅದಕ್ಕೆ ಓಗೊಡುವುದಿಲ್ಲ, ಹಾಗಾಗಿ ಐಜಿಎಫ್-1 ಇಳಿದುಹೋಗುತ್ತದೆ. ಇಂಥ ಕರುವಿಗೆ ಹೊರಗಿನಿಂದ ಇನ್ನಷ್ಟು ಚುಚ್ಚಿ ಏನು ಉಪಯೋಗ?

ಇಂಜೆಕ್ಷನ್ ತರುತ್ತೇನೆ ಅಂದವರು ಹೆಸರು ಕೇಳಿರುವುದು ಅಮೆರಿಕದ ಬಿಎಸ್‌ಟಿ, ಅಂದರೆ ಹಸುವಿನ ಗ್ರೋತ್ ಹಾರ್ಮೋನಿನ ಇಂಜೆಕ್ಷನ್ ಇರಬೇಕು. ಅಲ್ಲಿ 1993ರಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿದ್ದು ಹಾಲು ಕರೆಯುವ ಹಸುಗಳಿಗೆ, ಕರುಗಳಿಗಲ್ಲ. ಕೆನಡಾ, ಯುರೋಪು ಅದನ್ನೂ ಒಪ್ಪಲಿಲ್ಲ. ಮಾಂಸದ ದನಗಳ ಕಿವಿಯ ಚರ್ಮದಡಿ ಇಡುವ ಗುಳಿಗೆ ಬೇರೆ, ಅದು ಹೆಚ್ಚಾಗಿ ಸ್ಟೆರಾಯ್ಡ್. ನಾಳೆ ಗಬ್ಬ ಕಟ್ಟಬೇಕಾದ ಮಣಕಕ್ಕೆ ಅಂಥದ್ದೇನಾದರೂ ಬಿದ್ದರೆ ಬೆದೆ, ಕೆಚ್ಚಲು ಎರಡೂ ಕೆಡಬಹುದು.

ಒರಟು ಕೂದಲು, ಜೋತ ಹೊಟ್ಟೆ ಅಂದರೆ ನನಗೆ ಮೊದಲ ಅನುಮಾನ ಜಂತು ಮತ್ತು ಬರೀ ಒಣಮೇವು. ಸೆಗಣಿ ಪರೀಕ್ಷೆ ಮಾಡಿಸಿ, ಡಾಕ್ಟರ್ ಹೇಳಿದ ಜಂತಿನ ಔಷಧಿಯನ್ನು ತೂಕಕ್ಕೆ ತಕ್ಕ ಹಾಗೆ ಕುಡಿಸಿ. ಸೋಗೆಯಲ್ಲಿ ಪ್ರೋಟೀನ್ ಕಡಿಮೆ, ಮೇಲಾಗಿ ಅದರಲ್ಲಿರುವ ಆಕ್ಸಲೇಟ್ ಅನ್ನೋ ಅಂಶ ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುತ್ತದೆ. ಅದನ್ನು ಕಡಿಮೆ ಮಾಡಿ ಕುದುರೆ ಮಸಾಲೆ (ಲೂಸರ್ನ್) ಸೊಪ್ಪು, ಹಿಂಡಿ, ಖನಿಜ ಮಿಶ್ರಣ ಕೊಡಿ. ಹಿಂಡಿಯನ್ನು ಒಮ್ಮೆಲೇ ಸುರಿಯದೆ ದಿನಕ್ಕೆ ಸ್ವಲ್ಪ ಸ್ವಲ್ಪ ಏರಿಸಿ, ಇಲ್ಲದಿದ್ದರೆ ಹೊಟ್ಟೆ ಕೆಡುತ್ತದೆ.

ಬೆಳೆಯುತ್ತಿದೆಯಾ ಅಂತ ಕಣ್ಣಳತೆಯಲ್ಲಿ ಹೇಳಬೇಡಿ, ಟೇಪ್ ಹಿಡಿಯಿರಿ. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ಇಂಚಿನಲ್ಲಿ ತೆಗೆದುಕೊಳ್ಳಿ, ಅದನ್ನು ಅದರಿಂದಲೇ ಗುಣಿಸಿ, ಆಮೇಲೆ ಭುಜದಿಂದ ಬಾಲದ ಪಕ್ಕದ ಎಲುಬಿನವರೆಗಿನ ಉದ್ದದಿಂದ (ಇದೂ ಇಂಚಿನಲ್ಲೇ) ಗುಣಿಸಿ, 660ರಿಂದ ಭಾಗಿಸಿದರೆ ಹೆಚ್ಚುಕಡಿಮೆ ಕೆಜಿ ತೂಕ ಬರುತ್ತದೆ. ದಿನಕ್ಕೆ 400-500 ಗ್ರಾಂ ಏರುತ್ತಿದ್ದರೆ ಸಾಕು. ಬೆದೆಗೆ ಬರುವ ಮೊದಲೇ ಕೊಬ್ಬಿಸಿದರೆ ಕೆಚ್ಚಲಿನಲ್ಲಿ ಹಾಲಿನ ಗ್ರಂಥಿಯ ಬದಲು ಕೊಬ್ಬು ತುಂಬುತ್ತದೆ, ಅದೂ ನಷ್ಟವೇ ಅಲ್ವಾ? ಗಬ್ಬ ಕಟ್ಟಿಸುವಾಗ ವಯಸ್ಸಿಗಿಂತ ತೂಕ ನೋಡಿ, 250 ಕೆಜಿ ಆಗಲಿ.

ಪ್ರಶ್ನೆ: ನಮ್ಮ ಗೋರೆಗಾಂವ್ ಹತ್ತಿರದ ತಬೇಲಾದಲ್ಲಿ ಎಮ್ಮೆಗೆ ಹಾಲು ಕರೆಯುವ ಮುಂಚೆ ಸೂಜಿ ಚುಚ್ಚುತ್ತಾರಂತೆ. ಆ ಹಾಲು ಕುಡಿದರೆ ಏಳು ವರ್ಷದ ಮಗಳು ಬೇಗ ದೊಡ್ಡವಳಾಗುತ್ತಾಳಾ?
- ಒಬ್ಬ ತಾಯಿ, ಮುಂಬೈ

ಉತ್ತರ: ಅದು ಆಕ್ಸಿಟೋಸಿನ್, ಬೆಳವಣಿಗೆಯ ಹಾರ್ಮೋನ್ ಅಲ್ಲ. ಕೆಚ್ಚಲಲ್ಲಿರುವ ಹಾಲನ್ನು ಸೊರೆಯುವಂತೆ ಮಾಡುತ್ತದೆ ಅಷ್ಟೇ. ಹಾಲಿನಲ್ಲಿ ಅಲ್ಪಸ್ವಲ್ಪ ಬಂದರೂ ನಮ್ಮ ಹೊಟ್ಟೆಯಲ್ಲಿ ಜೀರ್ಣವಾಗಿಹೋಗುತ್ತದೆ. ಆದರೆ ಎಮ್ಮೆಗೆ ಅದು ಹಿಂಸೆ. ಹಾಲಿಗಾಗಿ ಆರೋಗ್ಯ ಕೆಡಿಸುವ ಇಂಜೆಕ್ಷನ್ ಕೊಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ತಬೇಲಾಗಳಲ್ಲಿ ಎಷ್ಟೋ ಕರುಗಳು ಹಾಲಿಲ್ಲದೆ ಸಾಯುತ್ತವೆ, ಕರು ಇಲ್ಲದ ಎಮ್ಮೆ ಸೊರೆಯುವುದಿಲ್ಲ, ಆಗ ಸೂಜಿ ಹಿಡಿಯುತ್ತಾರೆ. ಮಗಳಿಗೆ ಹಾಲು ಕಾಯಿಸಿ ಕೊಡಿ. ಎಂಟು ತುಂಬುವ ಮೊದಲೇ ಎದೆ ಬೆಳೆಯುವುದು ಕಂಡರೆ ಮಾತ್ರ ಹಾಲನ್ನು ದೂರುತ್ತಾ ಕೂರದೆ ಮಕ್ಕಳ ಡಾಕ್ಟರಿಗೆ ತೋರಿಸಿ.