ಪ್ರತಿಕ್ರಿಯೆ: ಮಿಕ್ವೆ ಸ್ನಾನಕ್ಕೆ ಮೊದಲೇ ಅಂಡ ಬಿಡುಗಡೆಯಾದರೆ

ಜೆರುಸಲೇಮಿನ ನಿಮ್ಮ ಯಹೂದಿ ಸಹೋದ್ಯೋಗಿಗೆ ಮುಟ್ಟು ಶುರುವಾದ ಹತ್ತನೇ ದಿನವೇ ಅಂಡ ಬಿಡುಗಡೆಯಾಗುತ್ತದೆ, ವರದಿಗಳೆಲ್ಲ ಸರಿಯಿದ್ದರೂ ಮಕ್ಕಳಾಗಿಲ್ಲ, ಧರ್ಮ ಬಿಡದೆ ದಾರಿಯಿದೆಯೇ ಎಂದು ಕೇಳಿದ್ದೀರಿ. ಖಂಡಿತ ಇದೆ.

ಅಶ್ಕೆನಾಜಿ (ಯುರೋಪ್ ಮೂಲದ ಯಹೂದಿಗಳ) ಸಂಪ್ರದಾಯದಲ್ಲಿ ಮುಟ್ಟು ಶುರುವಾದ ಮೇಲೆ ಕನಿಷ್ಠ 5 ದಿನ, ಬಳಿಕ ರಕ್ತ ಕಾಣದ 7 ದಿನ ಎಣಿಸುತ್ತಾರೆ. ಹೀಗಾಗಿ ಮಿಕ್ವೆ ಸ್ನಾನ, ಅಂದರೆ ದಂಪತಿ ಮತ್ತೆ ಕೂಡುವ ಮೊದಲಿನ ಶುದ್ಧಿಸ್ನಾನ, ಬೇಗವೆಂದರೂ 12ನೇ ದಿನ ಕಳೆದ ರಾತ್ರಿ. ಅಲ್ಲಿಯವರೆಗೆ ದಂಪತಿ ಪರಸ್ಪರ ಮುಟ್ಟುವುದೂ ಇಲ್ಲ. ಬಿಡುಗಡೆಯಾದ ಅಂಡ ಉಳಿಯುವುದು ಹೆಚ್ಚೆಂದರೆ ಒಂದು ದಿನ. ಆಕೆಯ ದೇಹದಲ್ಲಿ ದೋಷವಿಲ್ಲ, ದಿನಗಳು ಹೊಂದುತ್ತಿಲ್ಲ ಅಷ್ಟೆ. ದಯವಿಟ್ಟು ಇದನ್ನು ಅವರಿಗೆ ಮೊದಲು ಹೇಳಿ. ಎಷ್ಟೋ ಹೆಣ್ಣುಮಕ್ಕಳು ಸುಮ್ಮನೆ ತಮ್ಮನ್ನೇ ದೂಷಿಸಿಕೊಳ್ಳುತ್ತಾರೆ.

ಏಳು ದಿನಗಳ ನಿಯಮದ ಬೇರು ಯಹೂದಿ ಧರ್ಮಗ್ರಂಥ ತಾಲ್ಮುಡಿನಲ್ಲಿದೆ, ರಬ್ಬಿಗಳು (ಯಹೂದಿ ಧರ್ಮಗುರುಗಳು) ಅದನ್ನು ಸಡಿಲಿಸುವುದು ತೀರಾ ಕಷ್ಟ. ಮೊದಲ ಐದು ದಿನಗಳದ್ದು ನಂತರ ಬೆಳೆದ ಪದ್ಧತಿ. ಅಲ್ಲಿ ಕೆಲವರು ರಿಯಾಯಿತಿ ಕೊಡುತ್ತಾರೆ. ಅದು ಸಾಲದಿದ್ದರೆ ವೈದ್ಯರು ಋತುಚಕ್ರದ ಆರಂಭದಲ್ಲಿ ಈಸ್ಟ್ರೋಜನ್ ಮಾತ್ರೆ ಕೊಟ್ಟು ಅಂಡ ಪಕ್ವವಾಗುವುದನ್ನು ಕೆಲವು ದಿನ ಮುಂದೂಡಬಲ್ಲರು. ನೇರವಾಗಿ ಐವಿಎಫ್‌ಗೆ (ಅಂಡವನ್ನು ಹೊರತೆಗೆದು ಪ್ರಯೋಗಾಲಯದಲ್ಲಿ ಫಲಿತಗೊಳಿಸುವ ಚಿಕಿತ್ಸೆಗೆ) ಹೋಗಬೇಕಿಲ್ಲ. ಬೇಕಾದರೂ ಅಂಡ ತೆಗೆಯುವ ಸೂಜಿಯಿಂದ ಬರುವ ರಕ್ತವನ್ನು ಅನೇಕ ರಬ್ಬಿಗಳು ಮುಟ್ಟೆಂದಲ್ಲ, ಗಾಯವೆಂದೇ ಪರಿಗಣಿಸುತ್ತಾರೆ.

ಜೆರುಸಲೇಮಿನಲ್ಲೇ ಪುವಾ ಸಂಸ್ಥೆಯಿದೆ; ವೈದ್ಯರ ಚಿಕಿತ್ಸೆಯನ್ನೂ ಧರ್ಮನಿಯಮವನ್ನೂ ಜೊತೆಗಿಟ್ಟು ಸಲಹೆ ಕೊಡುತ್ತದೆ. ರಬ್ಬಿಯೆದುರು ಇಂಥ ಮಾತಾಡಲು ಸಂಕೋಚವಿದ್ದರೆ ನಿಶ್ಮತ್ ಸಂಸ್ಥೆ ತರಬೇತಿ ಕೊಟ್ಟ ಮಹಿಳಾ ಸಲಹೆಗಾರರಿದ್ದಾರೆ. ಮಾತ್ರೆ ಶುರುಮಾಡುವ ಮುನ್ನವೇ ಕೇಳಲಿ, ಏಕೆಂದರೆ ಹಾರ್ಮೋನಿನಿಂದ ನಡುವೆ ಸ್ವಲ್ಪ ರಕ್ತ ಕಂಡರೂ ಏಳು ದಿನಗಳ ಎಣಿಕೆ ಮತ್ತೆ ಮೊದಲಾಗಬಹುದು.